ಅಡುಗೆಮನೆ ಗ್ರಾನೈಟ್ ಕಟ್ಟೆ: ಕಲ್ಲು ಸುಲಭವಾಗಿ ಸಿಕ್ತು, ಮೇಸ್ತ್ರಿ ಹುಡ್ಕೋದೇ ದೊಡ್ಡ ಕೆಲಸ

ಅಡುಗೆಮನೆ ಕಟ್ಟೆ ಬದಲಾಯಿಸ್ತೀವಿ ಅಂದಾಗ ನೆಂಟರು, ಪಕ್ಕದ ಮನೆಯವ್ರು ಎಲ್ರೂ ಕೇಳಿದ್ದು ಒಂದೇ ಪ್ರಶ್ನೆ, ಯಾವ ಕಲ್ಲು ಹಾಕಿಸ್ತೀರಾ ಅಂತ. ಯಾರ ಕೈಲಿ ಹಾಕಿಸ್ತೀರಾ ಅಂತ ಒಬ್ರೂ ಕೇಳ್ಲಿಲ್ಲ. ನಮ್ಮ ಕಡೆ ಕಲ್ಲಿಗೇನು ಬರನಾ? ಇಳಕಲ್ ಕೆಂಪು ಇದೆ, ಚಾಮರಾಜನಗರದ ಕರಿಕಲ್ಲಿದೆ, ಹಾಸನ್ ಗ್ರೀನ್ ಇದೆ, ಪಕ್ಕದ ಆಂಧ್ರದ ಚೀಮಕುರ್ತಿಯಿಂದ ಬ್ಲ್ಯಾಕ್ ಗ್ಯಾಲಕ್ಸಿ ಬರುತ್ತೆ, ಜೇಬಿಗೆ ತಕ್ಕ ಕಲ್ಲು ಬೆಂಗ್ಳೂರು ಪಕ್ಕದ ಜಿಗಣಿ ಕಡೆ ಹೋದ್ರೆ ಸಿಕ್ಕೇ ಸಿಗುತ್ತೆ. ಆದ್ರೆ ಒಂದೇ ಲಾಟಿನ ಕಲ್ಲು ಒಬ್ರ ಕೈಲಿ ವರ್ಷಗಟ್ಲೆ ಅಲ್ಲಾಡದೆ ಕೂತಿರುತ್ತೆ, ಇನ್ನೊಬ್ರ ಕೈಲಿ ಸಿಂಕ್ ಹತ್ರ ಬಿರುಕು ಬಿಟ್ಟು, ಕೆಳಗಿನ ಕಬೋರ್ಡಿಗೆ ನೀರಿಳಿದು ಪ್ಲೈವುಡ್ ಎಲ್ಲ ಉಬ್ಬಿರುತ್ತೆ. ಹಂಗಾಗಿ ಈ ಬರಹದಲ್ಲಿ ಕಲ್ಲಿನ ಬಗ್ಗೆ ಕಮ್ಮಿ, ಹಾಕೋರ ಬಗ್ಗೆ ಜಾಸ್ತಿ ಇರುತ್ತೆ.

ನಮ್ಮನೆ ಕಥೆ ಏನು ಅಂದ್ರೆ, ಬೆಂಗ್ಳೂರಲ್ಲಿ ತೊಂಬತ್ತರ ದಶಕದಲ್ಲಿ ಕಟ್ಟಿದ್ದು, ಆಗೆಲ್ಲ ಮಾಡ್ತಿದ್ದ ಹಂಗೆ ಕಟ್ಟೆಗೆ ಕಡಪಾ ಕಲ್ಲು. ಕಡಪಾ ಅಂದ್ರೆ ಸುಣ್ಣದಕಲ್ಲಿನ ಜಾತಿ, ನಿಂಬೆಹಣ್ಣು, ಹುಣಸೆ ರಸ, ಮಜ್ಜಿಗೆ ಯಾವುದು ಬಿದ್ರೂ ಮೇಲ್ಗಡೆ ಪಾಲಿಷ್ ತಿಂದು ಬೂದು ಬಣ್ಣದ ಕಲೆ ಉಳಿದುಬಿಡುತ್ತೆ, ಮೂವತ್ತು ವರ್ಷ ಸಾರು ಹುಳಿ ಮಾಡಿದ ಕಟ್ಟೆ ಹೆಂಗಿರುತ್ತೆ ನೀವೇ ಊಹಿಸ್ಕೊಳ್ಳಿ. ಕಟ್ಟೆ ಎಲ್ ಆಕಾರದ್ದು. ಕಿಟಕಿ ಇರೋ ಗೋಡೆಗೆ ಹತ್ತೂವರೆ ಅಡಿ, ಪಕ್ಕದ ಗೋಡೆಗೆ 6 ಅಡಿ, ಅಗಲ 2 ಅಡಿ. ಸಿಂಕು ಕಿಟಕಿ ಕೆಳಗೆ, ಒಲೆ ಪಕ್ಕದ ಗೋಡೆ ಕಡೆ.

ಮೊದಲು ಫೋನಲ್ಲಿ ಸುಮಾರು ಜನರನ್ನ ವಿಚಾರಿಸ್ದೆ. ಮುಕ್ಕಾಲು ಪಾಲು ಜನ ಫೋನಲ್ಲೇ ಚದರ ಅಡಿಗೆ ಇಷ್ಟು ಅಂತ ರೇಟ್ ಹೇಳಿ, ನಾಳೆನೇ ಬಂದು ಶುರು ಮಾಡ್ತೀವಿ ಸಾರ್ ಅಂದ್ರು. ಎಲ್ ಆಕಾರನಾ, ಉದ್ದಕ್ಕೆ ಒಂದೇನಾ, ಎಷ್ಟನೇ ಮಹಡಿ, ಸಿಂಕ್ ಯಾವ ತರದ್ದು, ಏನೂ ಕೇಳ್ದೆ ರೇಟ್ ಹೇಳೋರು ಅಂದಾಜಿನ ಮೇಲೆ ಹೇಳ್ತಿರ್ತಾರೆ, ಆಮೇಲೆ ಕೆಲಸ ಅರ್ಧ ಆದಾಗ ಇದು ಸೇರಿಲ್ಲ ಅದು ಸೇರಿಲ್ಲ ಅಂತ ಶುರು ಮಾಡ್ತಾರೆ, ಅವ್ರನ್ನೆಲ್ಲ ಅಲ್ಲಿಗೇ ಬಿಟ್ಟೆ. ಮನೆಗೆ ಬಂದು ನೋಡಿದವರಲ್ಲಿ ಒಬ್ರು ಇಂಟೀರಿಯರ್ ಕಂಟ್ರಾಕ್ಟ್ರು, ಟೇಪ್ ಹಿಡಿದು ಎರಡು ಉದ್ದ ಅಳೆದು ಹತ್ತೂವರೆ ಪ್ಲಸ್ ಆರು ಹದಿನಾರೂವರೆ, ಇಂಟು ಎರಡು, 33 ಚದರ ಅಡಿ ಅಂತ ಬರ್ಕೊಂಡ್ರು. ಸ್ವಲ್ಪ ತಾಳಿ, ಮೂಲೇಲಿರೋ 2 ಅಡಿಗೆ 2 ಅಡಿ ಚೌಕನ ಎರಡು ಸಲ ಎಣಿಸಿದ್ರಲ್ಲ ಅಂದೆ. ಹತ್ತೂವರೆ ಇಂಟು ಎರಡು 21, ಉಳಿದ ನಾಲ್ಕಡಿ ಇಂಟು ಎರಡು 8, ಒಟ್ಟು 29 ತಾನೇ ಆಗೋದು. ನಾಲ್ಕು ಚದರ ಅಡಿ ಕಲ್ಲು ಮತ್ತೆ ಕೂಲಿ ಎರಡೂ ಸುಮ್ನೆ ಜಾಸ್ತಿ. ನಮ್ಮಲ್ಲಿ ಲೆಕ್ಕ ಹಿಂಗೇ ಸಾರ್, ವೇಸ್ಟೇಜ್ ಅದ್ರಲ್ಲೇ ಬರುತ್ತೆ ಅಂದ್ರು. ವೇಸ್ಟೇಜ್ ಇರೋದು ನಿಜಾನೇ, ಅದನ್ನ ವೇಸ್ಟೇಜ್ ಅಂತಲೇ ಬೇರೆ ಬರೆದು ಹೇಳಿದ್ರೆ ನಂಗೇನು ತಕರಾರು ಇರ್ಲಿಲ್ಲ.

ನಾನು ಎಲ್ರಿಗೂ ಕೇಳಿದ ಮುಖ್ಯವಾದ ವಿಷಯ ಒಂದೇ, ನೀವು ಮೂರ್ನಾಲ್ಕು ವರ್ಷದ ಹಿಂದೆ ಮಾಡಿದ ಒಂದು ಅಡುಗೆಮನೆ ತೋರಿಸ್ತೀರಾ ಅಂತ. ಮೊಬೈಲಲ್ಲಿ ಫೋಟೋ ಎಲ್ರ ಹತ್ರನೂ ಇರುತ್ತೆ, ಹೊಸ ಗ್ರಾನೈಟು ಒಂದು ಬಕೆಟ್ ನೀರು ಸುರಿದು ಒರೆಸಿ ಫೋಟೋ ತೆಗೆದ್ರೆ ಯಾರು ಮಾಡಿದ್ರೂ ಮಿಂಚುತ್ತೆ. ಕೆಲಸ ಚೆನ್ನಾಗಿದ್ಯಾ ಇಲ್ವಾ ಅಂತ ಗೊತ್ತಾಗೋದು ಅಡುಗೆ ಮಾಡಿ ಮಾಡಿ ಹಳತಾದ ಮೇಲೆ. ಈ ಪ್ರಶ್ನೆಗೆ ಕೆಲವರು ಫೋನ್ ಎತ್ತೋದೇ ನಿಲ್ಲಿಸಿದ್ರು. ಒಬ್ರು ಮಾತ್ರ ಭಾನುವಾರ ಬನ್ನಿ ಸಾರ್, ನಾಗರಭಾವಿ ಕಡೆ ಒಂದು ಮನೆ ಇದೆ, ಆ ಅಮ್ಮಂಗೆ ಹೇಳಿರ್ತೀನಿ ಅಂದ್ರು. ಕೋಲಾರದ ಕಡೆಯ ಮೇಸ್ತ್ರಿ, ಐವತ್ತು ದಾಟಿರ್ಬೋದು, ಮಾತು ಬಹಳ ಕಮ್ಮಿ.

ಆ ಮನೇಲಿ ನಾನು ನೋಡಿದ್ದೇನು ಅಂತ ಹೇಳ್ತೀನಿ, ನೀವೂ ಹಿಂಗೇ ನೋಡಿ. ಮೊದಲು ಸಿಂಕ್ ಮುಂದಿರೋ ಸಣ್ಣ ಪಟ್ಟಿ. ಇಡೀ ಕಟ್ಟೇಲಿ ಬಲ ಕಮ್ಮಿ ಇರೋ ಜಾಗ ಅದು, ಹಿಂದೆ ಇಡೀ ಕಲ್ಲು ಕಿತ್ತುಹಾಕಿರ್ತಾರೆ, ಮುಂದೆ ನಾಲ್ಕಿಂಚು ಉಳಿದಿರುತ್ತೆ, ಅದ್ರ ಮೇಲೆ ನಮ್ಮವರು ತೆಂಗಿನಕಾಯಿ ಒಡೀತಾರೆ, ತುಂಬಿದ ಕುಕ್ಕರ್ ಕುಕ್ಕುತಾರೆ. ಸಿಂಕಿನ ಮೂಲೆಯಿಂದ ಅಂಚಿನ ಕಡೆಗೆ ಕೂದಲೆಳೆ ತರ ಗೆರೆ ಕಂಡ್ರೆ ಮೂಲೆನ ಚೂಪಾಗಿ ಕಟ್ ಮಾಡಿದಾರೆ ಅಂತ ಅರ್ಥ, ಕಲ್ಲಿನ ಮೇಲೆ ಬೀಳೋ ಒತ್ತಡ ಎಲ್ಲ ಆ ಚೂಪು ಮೂಲೆಗೇ ಹೋಗಿ ಸೇರ್ಕೊಂಡು ಅಲ್ಲಿಂದಲೇ ಸೀಳು ಶುರುವಾಗುತ್ತೆ, ಮೂಲೇಲಿ ಮೊದಲು ದುಂಡಗೆ ತೂತು ಹೊಡೆದು ಆಮೇಲೆ ತೂತಿಂದ ತೂತಿಗೆ ಕಟ್ ಮಾಡಿದ್ರೆ ಈ ತೊಂದರೆ ಬಹಳ ಕಮ್ಮಿ. ಎರಡನೇದು ಜಾಯಿಂಟು, ಕಣ್ಣು ಮುಚ್ಚಿ ಬೆರಳು ಸವರಿದ್ರೆ ಒಂದು ಕಲ್ಲು ಎತ್ತರ ಒಂದು ತಗ್ಗು ಅಂತ ಗೊತ್ತಾಗಬಾರದು. ಮೂರನೇದಕ್ಕೆ ಸಿಂಕ್ ಕೆಳಗಿನ ಬಾಗಿಲು ತೆಗೆದು ಬಗ್ಗಿ ಟಾರ್ಚ್ ಹಾಕಿ ನೋಡ್ಬೇಕು, ಮುಜುಗರ ಪಡ್ಬೇಡಿ. ಸಿಂಕನ್ನ ಏನು ಹಿಡ್ಕೊಂಡಿದೆ, ಸುತ್ತ ಸಿಲಿಕೋನ್ ಪೂರ್ತಿ ಬಂದಿದ್ಯಾ, ನೀರು ಒಸರಿದ ಗುರುತಿದ್ಯಾ, ಎಲ್ಲ ಅಲ್ಲೇ ಕಾಣುತ್ತೆ. ನಲ್ಲಿ ಹಿಂದೆ ನೀರು ನಿಂತು ಬಿಳಿ ಉಪ್ಪು ಕಟ್ಟಿದ್ಯಾ ಅಂತನೂ ನೋಡ್ದೆ, ಬೋರ್ ನೀರಿನ ಏರಿಯಾದಲ್ಲಿ ಸ್ವಲ್ಪ ಕಟ್ಟೇ ಕಟ್ಟುತ್ತೆ, ಆದ್ರೆ ಒಂದೇ ಕಡೆ ದಪ್ಪಗಿದ್ರೆ ಅಲ್ಲಿ ಕಲ್ಲು ತಗ್ಗಾಗಿದೆ ಅಂತ. ಆ ಮನೆಯಮ್ಮ ಕಾಫಿ ಕೊಟ್ಟು, ಮೇಸ್ತ್ರಿ ಕೆಲಸ ನಿಧಾನ, ಬೈಬೇಡಿ, ನೀಟಾಗಿ ಮಾಡ್ತಾರೆ ಅಂದ್ರು. ನಂಗೆ ಬೇಕಾಗಿದ್ದೂ ಅದೇ.

ಆಮೇಲೆ ಆ ಮೇಸ್ತ್ರಿ ನಮ್ಮನೆಗೆ ಬಂದಾಗ ನಾನು ಕೇಳೋದಕ್ಕಿಂತ ಅವ್ರೇ ಜಾಸ್ತಿ ಕೇಳಿದ್ರು, ಇವರಿಗೇ ಕೊಡೋಣ ಅನ್ನಿಸಿದ್ದು ಅಲ್ಲೇ. ಸಿಂಕ್ ತಂದಿದೀರಾ? ಇಲ್ಲ, ಸೈಜ್ ಗೊತ್ತು ಅಂದೆ. ಸೈಜ್ ಬೇಡ ಸಾರ್, ಸಿಂಕೇ ಬೇಕು, ಒಲೆನೂ ಬೇಕು, ಪುಸ್ತಕದಲ್ಲಿರೋ ಅಳತೆ ನೋಡಿ ನಾನು ಕಲ್ಲು ಕೊಯ್ಯಲ್ಲ. ನೆಲಕ್ಕೆ ಹಳೇ ಮೊಸಾಯಿಕ್ ಮೇಲೆ ಟೈಲ್ಸ್ ಹಾಕೋ ಪ್ಲಾನ್ ಇದ್ಯಾ? ಇದ್ರೆ ಕಟ್ಟೆ ಎತ್ತರದಲ್ಲಿ ಮುಕ್ಕಾಲು ಇಂಚು ನುಂಗುತ್ತೆ, ಈಗಲೇ ಸೇರಿಸ್ಕೊಬೇಕು. ಗ್ರೈಂಡರ್ ಎಲ್ಲಿಡ್ತೀರಾ? ಅದು ಕೂರೋ ಕಡೆ ಕೆಳಗೆ ಒಂದು ಕಡಪಾ ನಿಲ್ಲಿಸ್ತೀನಿ. ಆಮೇಲೆ ಅಮ್ಮನ್ನ ಕರೆದು, ಅಮ್ಮಾ ಇಲ್ಲಿ ಬಂದು ನಿಂತ್ಕೊಳಿ, ಚಪಾತಿ ಲಟ್ಟಿಸೋ ತರ ಕೈ ಇಡಿ ಅಂತ ಹೇಳಿ, ಮೊಣಕೈಯಿಂದ ನಾಲ್ಕೈದು ಇಂಚು ಕೆಳಗೆ ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆದ್ರು. ಅಮ್ಮ ಗಿಡ್ಡ, ನನ್ನ ಹೆಂಡತಿ ಉದ್ದ. ಇಬ್ರ ಗೆರೆ ಮಧ್ಯೆ ಪಂಚಾಯ್ತಿ ಆಗಿ ಕೊನೆಗೆ ಹೊಸ ನೆಲದಿಂದ 33 ಇಂಚಿಗೆ ನಿಂತ್ಕೊಂತು. ಕಂಟ್ರಾಕ್ಟ್ರು ಎಲ್ರಿಗೂ 34 ಹಾಕೋದು ಸಾರ್ ಅಂತ ಹೇಳಿ ಮುಗಿಸಿದ್ರು, ಅದು ನೆನಪಾಯ್ತು.

ಇದಕ್ಕಿಂತ ಮುಖ್ಯವಾದದ್ದು ಜಾಯಿಂಟಿನ ಲೆಕ್ಕ. ಮೊದಲು ಬಂದವರೆಲ್ಲ ಸ್ಲ್ಯಾಬು 9 ಅಡಿವರೆಗೆ ಸಿಗೋದು, ನಿಮ್ಮ ಗೋಡೆ ಹತ್ತೂವರೆ, ಹಂಗಾಗಿ ಉದ್ದಕ್ಕೆ ಒಂದು ಜಾಯಿಂಟು ಮೂಲೇಲಿ ಒಂದು ಜಾಯಿಂಟು, ಎರಡು ಬಂದೇ ಬರುತ್ತೆ ಅಂದಿದ್ರು, ಉದ್ದದ್ದು ಸಿಂಕ್ ಪಕ್ಕದಲ್ಲೇ ಬೀಳ್ತಿತ್ತು. ಇವ್ರು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದ್ರು. ಆರಡಿ ಕಡೆಯ ಕಲ್ಲನ್ನ ಮೂಲೆ ಗೋಡೆವರೆಗೂ ಪೂರ್ತಿ ತಗೊಂಡ್ಹೋಗೋದು, ಅದು ಕಿಟಕಿ ಗೋಡೇಲಿ 2 ಅಡಿ ತಿನ್ನುತ್ತೆ, ಉಳಿಯೋದು ಎಂಟೂವರೆ, ಅದು 9 ಅಡಿ ಸ್ಲ್ಯಾಬಲ್ಲಿ ಒಂದೇ ಪೀಸ್ ಬರುತ್ತೆ. ಒಂದೇ ಜಾಯಿಂಟು, ಅದೂ ನೀರಿಂದ ದೂರ, ಅದ್ರ ಕೆಳಗೆ ಸರಿಯಾಗಿ ಕಡಪಾ ಸಪೋರ್ಟ್. ಮೂಲೆಗೆ ಫೋಟೋ ಫ್ರೇಮ್ ತರ ಓರೆ ಕಟಿಂಗ್ ಮಾಡಿದ್ರೆ ಚೆನ್ನಾಗಿರಲ್ವಾ ಅಂತ ನನ್ನ ಹೆಂಡತಿ ಕೇಳಿದ್ಲು. ಚೂಪು ತುದಿ ಚಕ್ಕೆ ಏಳುತ್ತೆ ಮೇಡಂ, ಜಾಯಿಂಟ್ ಉದ್ದನೂ ಜಾಸ್ತಿ, ನೇರ ಇರ್ಲಿ ಅಂದ್ರು. ಇದು ಯಾವ ದೊಡ್ಡ ಎಂಜಿನಿಯರಿಂಗೂ ಅಲ್ಲ, ಕಲ್ಲು ಕೊಳ್ಳೋ ಮುಂಚೆ ಹತ್ತು ನಿಮಿಷ ಗೋಡೆ ಮುಂದೆ ನಿಂತು ಯೋಚ್ನೆ ಮಾಡೋದು ಅಷ್ಟೇ, ಆದ್ರೆ ಹಂಗೆ ನಿಂತವ್ರು ಇವ್ರೊಬ್ರೇ.

ಮಾತುಕತೆ ಎಲ್ಲ ಒಂದು ಹಾಳೇಲಿ ಬರೆದ್ವಿ. ಕೂಲಿ ಚದರ ಅಡಿಗೆ ಎಷ್ಟು, ಅಂಚಿನ ಮೌಲ್ಡಿಂಗ್, ಅಂದ್ರೆ ಅಂಚು ತೀಡಿ ಆಕಾರ ಕೊಡೋದು, ರನ್ನಿಂಗ್ ಅಡಿಗೆ ಎಷ್ಟು ಮತ್ತೆ ಎಷ್ಟು ಅಡಿ (ಗೋಡೆ ಕಡೆ ಮೌಲ್ಡಿಂಗ್ ಇರಲ್ಲ, ಕಾಣೋ ಮುಂದಿನ ಅಂಚು ಮತ್ತೆ ಫ್ರಿಜ್ ಪಕ್ಕದ ತುದಿ ಮಾತ್ರ, ನಮ್ಮದರಲ್ಲಿ ಹದಿನಾಲ್ಕೂವರೆ ಅಡಿ), ಸಿಂಕ್ ಕಟಿಂಗ್, ಒಲೆ ಕಟಿಂಗ್, ನಲ್ಲಿ ತೂತು ಇದೆಲ್ಲ ಸೇರಿದ್ಯಾ ಬೇರೆನಾ, ಹಳೇ ಕಟ್ಟೆ ಒಡೆದ ಕಸ ಯಾರು ಸಾಗಿಸ್ಬೇಕು, ಗಾಡಿ ಬಾಡಿಗೆ, ಇಳಿಸೋ ಹಮಾಲಿ ಯಾರದು. ಎಲ್ಲಕ್ಕಿಂತ ಮೇಲೆ, ಕೊಯ್ಯುವಾಗ್ಲೋ ಎತ್ತುವಾಗ್ಲೋ ಕಲ್ಲು ಒಡೆದ್ರೆ ಯಾರ ತಲೆ ಮೇಲೆ ಅಂತ. ಇದನ್ನ ಕೇಳಿದ ತಕ್ಷಣ ಮುಖ ಗಂಟು ಹಾಕ್ಕೊಳೋರು ಇದಾರೆ. ಇವ್ರು ಹೇಳಿದ್ದು ನಂಗೆ ನ್ಯಾಯ ಅನ್ನಿಸ್ತು: ಕಲ್ಲಲ್ಲೇ ಮೊದಲೇ ಸೀಳಿದ್ರೆ ಕಲ್ಲಿನ ಅಂಗಡಿಯೋರದ್ದು, ಅದಕ್ಕೇ ನಾನು ಜೊತೇಲಿ ಬಂದು ಆರಿಸ್ತೀನಿ, ನನ್ನ ಮಶೀನ್ ಕೆಳಗೆ ಒಡೆದ್ರೆ ನಂದು. ರೇಟ್ ಎಷ್ಟಾಯ್ತು ಅಂತ ಇಲ್ಲಿ ಬರೀತಿಲ್ಲ, ಏರಿಯಾಗೊಂದು ರೇಟು, ಮಹಡಿಗೊಂದು ರೇಟು, ನನ್ನ ರೇಟ್ ಇಟ್ಕೊಂಡು ನೀವು ಜಗಳ ಆಡೋದ್ರಲ್ಲಿ ಅರ್ಥ ಇಲ್ಲ. ಕಮ್ಮಿ ಹೇಳಿದವ್ರಿಗಿಂತ ಇವ್ರದ್ದು ಸ್ವಲ್ಪ ಜಾಸ್ತಿನೇ ಇತ್ತು ಅನ್ನೋದು ಮಾತ್ರ ನಿಜ.

ಜಿಗಣಿ

ಕಲ್ಲು ತರೋಕೆ ಜಿಗಣಿಗೆ ಮೇಸ್ತ್ರಿನೂ ಬಂದ್ರು. ಮನೇಲಿ ಅಷ್ಟೊತ್ತಿಗಾಗ್ಲೇ ಕರಿಕಲ್ಲು ಅಂತ ತೀರ್ಮಾನ ಆಗಿತ್ತು, ಅರಿಶಿಣ ಎಣ್ಣೆ ಕಲೆ ಕಾಣಲ್ಲ ಅಂತ ಅಮ್ಮನ ವಾದ. ಬೋರ್ ನೀರಿನ ಬಿಳಿ ಕಲೆ ಕಾಣುತ್ತಲ್ಲ ಅಂದ್ರೆ ಅದನ್ನ ಒರೆಸಬೋದು ಅಂತ ಬಾಯಿ ಮುಚ್ಚಿಸಿದ್ರು. ಅಂದ ಹಾಗೆ ವ್ಯಾಪಾರದಲ್ಲಿ ಇದಕ್ಕೂ ಗ್ರಾನೈಟ್ ಅಂತಾರೆ ಅಷ್ಟೇ, ಭೂವಿಜ್ಞಾನದವ್ರನ್ನ ಕೇಳಿದ್ರೆ ನಮ್ಮ ಕರಿಕಲ್ಲು ಡಾಲರೈಟ್, ಗ್ರಾನೈಟ್ ಅಲ್ವೇ ಅಲ್ಲ. ಒತ್ತಾಗಿರುತ್ತೆ, ನೀರು ಕುಡಿಯೋದು ಬಹಳ ಕಮ್ಮಿ, ಅಡುಗೆಮನೆಗೆ ಒಳ್ಳೇದೇ.

ಕರಿಕಲ್ಲಲ್ಲಿ ಒಂದು ಮೋಸ ಇದೆ, ಬೂದು ಬಣ್ಣದ ಕಲ್ಲಿಗೆ ಬಣ್ಣ ತಿಕ್ಕಿ ಕಡುಕಪ್ಪು ಅಂತ ಮಾರೋದು. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ, ಅದು ಸಿಗದಿದ್ರೆ ನೈಲ್ ಪಾಲಿಷ್ ರಿಮೂವರ್ ಹಾಕಿ, ಜೋರಾಗಿ ಉಜ್ಜಿ ನೋಡ್ಬೇಕು, ಬಟ್ಟೆ ಕಪ್ಪಾದ್ರೆ ಆ ಸ್ಲ್ಯಾಬ್ ಬೇಡ. ಹೆಂಡತಿ ರಿಮೂವರ್ ಬಾಟ್ಲು ಜೇಬಲ್ಲಿಟ್ಕೊಂಡು ಹೋಗಿದ್ದೆ, ಅಂಗಡಿ ಹುಡುಗ ನನ್ನನ್ನೇ ವಿಚಿತ್ರವಾಗಿ ನೋಡ್ದ, ಓನರ್ ಮಾತ್ರ ಉಜ್ಜಿ ಸಾರ್ ಉಜ್ಜಿ ಅಂದ್ರು. ಮೇಸ್ತ್ರಿ ಕೆಲಸ ಬೇರೆ ಇತ್ತು. ಸ್ಲ್ಯಾಬಿನ ಹಿಂದೆ ಹೋಗಿ ಮೊದಲು ಬೆನ್ನು ನೋಡಿದ್ರು, ಬಲೆ ಅಂಟಿಸಿದಾರಾ ಅಂತ. ಹಿಂದೆ ಫೈಬರ್ ಬಲೆ ಇದ್ರೆ ಕಲ್ಲು ಕೆಟ್ಟದ್ದು ಅಂತೇನಿಲ್ಲ, ಆದ್ರೆ ಬಿರುಕು ಮುಚ್ಚೋಕೂ ಹಾಕಿರ್ಬೋದು, ಕೇಳ್ಕೋಬೇಕು. ಆಮೇಲೆ ಮಗ್ಗಲ್ಲಿ ನೀರು ತಂದು ಮುಂಭಾಗಕ್ಕೆ ಎರಚಿ ಸುಮ್ನೆ ನಿಂತ್ರು. ನೀರು ಎಲ್ಲ ಕಡೆ ಆರಿದ ಮೇಲೂ ಒಂದು ಗೆರೆ ಮಾತ್ರ ಒದ್ದೆ ಉಳಿದ್ರೆ ಅಲ್ಲಿ ಸೀಳಿದೆ ಅಂತ ಲೆಕ್ಕ. ಹಿಂಗೆ ಒಂದು ಸ್ಲ್ಯಾಬ್ ಬಿಟ್ವಿ. ದಪ್ಪನೂ ಟೇಪ್ ಇಟ್ಟು ನಾಲ್ಕು ಮೂಲೇಲೂ ನೋಡಿದ್ರು, 18 ಎಂಎಂ ಅಂತ ಹೇಳಿ ಒಂದು ಮೂಲೇಲಿ 15 ಇದ್ರೆ ಜಾಯಿಂಟಲ್ಲಿ ಮೇಲೆ ಕೆಳಗೆ ಆಗೋದು ಖಂಡಿತ. ಎರಡು ಸ್ಲ್ಯಾಬೂ ಒಂದೇ ಬ್ಲಾಕಿಂದ ಅಕ್ಕಪಕ್ಕ ಕೊಯ್ದಿದ್ದು ತಗೊಂಡ್ವಿ, 9 ಅಡಿ ಉದ್ದ, 27 ಇಂಚು ಅಗಲ. ಕಟ್ಟೆ 24 ಇಂಚು ತಾನೇ, ಮೂರಿಂಚು ವೇಸ್ಟಲ್ವಾ ಅಂದೆ. ಆ ಪಟ್ಟಿನೇ ಅಂಚಿನ ಕೆಳಗೆ ಅಂಟಿಸಿ ಡಬಲ್ ಮಾಡ್ತೀನಿ, ನೋಡೋಕೆ ಒಂದೂವರೆ ಇಂಚಿನ ಕಲ್ಲು ತರ ಕಾಣುತ್ತೆ ಅಂದ್ರು.

ಬಿಲ್ ಹಾಕಿಸಿ. ಪಾಲಿಷ್ ಸ್ಲ್ಯಾಬಿಗೆ 18 ಪರ್ಸೆಂಟ್ ಜಿಎಸ್‌ಟಿ ಬೀಳುತ್ತೆ, ಅದು ಉಳಿಸೋಕೆ ಹೋದ್ರೆ ನಾಳೆ ಬಿರುಕು ತೋರಿಸಿ ವಾಪಸ್ ಕೇಳೋಕೆ ನಿಮ್ಮ ಕೈಲಿ ಏನೂ ಇರಲ್ಲ.

ಅಳತೆ, ಕಟಿಂಗು

ಹಳೇ ಕಡಪಾ ಒಡೆದು ಕೆಳಗಿನ ನಿಲುವು ಕಲ್ಲುಗಳನ್ನ ಬೇಕಾದ ಕಡೆ ಬದಲಾಯಿಸಿ, ಮೇಲೆ ಹೊಸ ಕಡಪಾ ಹಾಸಿ, ಟ್ಯೂಬಲ್ಲಿ ನೀರು ತುಂಬಿ ಲೆವೆಲ್ ಹಿಡಿದು, ಮತ್ತೆ ರಸಮಟ್ಟ ಇಟ್ಟು ನೋಡಿದ್ರು. ನಿಲುವು ಕಲ್ಲು ಎರಡರಿಂದ ಎರಡೂವರೆ ಅಡಿಗೊಂದು, ಸಿಂಕಿನ ಎಡಕ್ಕೊಂದು ಬಲಕ್ಕೊಂದು ಇರ್ಲೇಬೇಕು. ಇದು ಬೇಗ ಮುಗೀತು.

ಮೂಲೆ ಮಾತ್ರ ತಲೆನೋವು. ಒಂದು ಗೋಡೆ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಹಾಕಿ ಓರೆ ಅಳೆದ್ರೆ ಸರಿಯಾಗಿ 5 ಅಡಿ ಬರ್ಬೇಕು, ಬಂದ್ರೆ ಮೂಲೆಮಟ್ಟ ಸರಿ ಇದೆ ಅಂತ. ನಮ್ಮದು ಐದಡಿ ದಾಟಿ ಹೋಯ್ತು. ಹಳೇ ಮನೆಗಳಲ್ಲಿ ಇದು ಮಾಮೂಲಿ, ಪ್ಲಾಸ್ಟರ್ ಎಲ್ಲೋ ದಪ್ಪ ಎಲ್ಲೋ ತೆಳು. ಟೇಪಿನ ಅಳತೆ ನಂಬಿ ಚಚ್ಚೌಕ ಕೊಯ್ದು ತಂದ್ರೆ ಗೋಡೆ ಹತ್ರ ಬಾಯಿ ಬಿಟ್ಕೊಂಡು ನಿಲ್ಲುತ್ತೆ. ಮೇಸ್ತ್ರಿ ಫ್ರಿಜ್ ಡಬ್ಬದ ರಟ್ಟು ಕತ್ತರಿಸಿ, ಗೋಡೆಗೆ ಒತ್ತಿ ಒತ್ತಿ ಕಟ್ಟೆಯ ಅಚ್ಚು ಮಾಡಿದ್ರು, ಅವ್ರು ಫರ್ಮಾ ಅಂತಿದ್ರು. ಆ ಫರ್ಮಾ ಸ್ಲ್ಯಾಬ್ ಮೇಲಿಟ್ಟು ಗೆರೆ ಎಳೆದು ಕೊಯ್ದಿದ್ದು. ಹಂಗೂ ಗೋಡೆಗೂ ಕಲ್ಲಿಗೂ ಮಧ್ಯೆ ಸ್ವಲ್ಪ ಸಂದು ಬೇಕಂತಲೇ ಬಿಟ್ರು, ಆಮೇಲೆ ಗೋಡೆಗೆ ಡ್ಯಾಡೋ ಟೈಲ್ಸ್ ಬಂದು ಕಟ್ಟೆ ಮೇಲೆ ಕೂತ್ಕೊಳುತ್ತಲ್ಲ, ಟೈಲಿನ ದಪ್ಪ ಮತ್ತೆ ಅಂಟು ಸೇರಿ ಆ ಸಂದು ಮುಚ್ಚುತ್ತೆ. ಹಂಗಾಗಿ ಮೊದಲು ಕಟ್ಟೆ, ಆಮೇಲೆ ಟೈಲ್ಸ್, ಉಲ್ಟಾ ಮಾಡಿಸ್ಬೇಡಿ.

ಕೊಯ್ದಿದ್ದೆಲ್ಲ ಮನೆ ಮುಂದೆ ಅಂಗಳದಲ್ಲಿ, ಹುಡುಗ ಪೈಪ್ ಹಿಡಿದು ಬ್ಲೇಡಿಗೆ ನೀರು ಬಿಡ್ತಾ ಇದ್ದ. ಒಣ ಕಟಿಂಗ್ ಬೇಗ ಆಗುತ್ತೆ, ಮನೆ ಒಳಗೇ ಮಾಡಿ ಮುಗಿಸ್ತೀವಿ ಅನ್ನೋರು ಸಿಗ್ತಾರೆ, ದಯವಿಟ್ಟು ಬೇಡ ಅನ್ನಿ. ಧೂಳು ಮನೆ ತುಂಬಾ ಕೂರೋದು ಒಂದು ಕಡೆ, ಗ್ರಾನೈಟಲ್ಲಿ ಕ್ವಾರ್ಟ್ಜ್ ಇರುತ್ತೆ, ಅದರ ನುಣ್ಣನೆ ಪುಡಿ ವರ್ಷಾನುಗಟ್ಲೆ ಶ್ವಾಸಕೋಶಕ್ಕೆ ಹೋದ್ರೆ ಸಿಲಿಕೋಸಿಸ್ ಬರುತ್ತೆ, ಅದಕ್ಕೆ ವಾಸಿಯಾಗೋ ಮದ್ದಿಲ್ಲ. ನೀರಿನ ಕಟಿಂಗ್ ಅಂದ್ರೆ ಕರೆಂಟ್ ವಿಷ್ಯದಲ್ಲೂ ಹುಷಾರು, ಮಶೀನ್ ಹಾಕೋ ಪಾಯಿಂಟಿಗೆ ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಆರ್‌ಸಿಸಿಬಿ ಇದ್ಯಾ, ಟೆಸ್ಟ್ ಬಟನ್ ಒತ್ತಿದ್ರೆ ಟ್ರಿಪ್ ಆಗುತ್ತಾ ಅಂತ ಮೊದಲೇ ನೋಡ್ಕೊಂಡಿದ್ದೆ. ಅವ್ರ ವೈರೂ ಪ್ಯಾಚ್ ಇಲ್ಲದೆ ಇತ್ತು, ಅದನ್ನೂ ಗಮನಿಸಿ, ಟೇಪ್ ಸುತ್ತಿ ಸುತ್ತಿ ಇಟ್ಕೊಂಡಿರೋ ವೈರ್ ತರೋರು ಬೇರೆ ಕೆಲಸದಲ್ಲೂ ಹಂಗೇ ಇರ್ತಾರೆ ಅಂತ ನನ್ನ ಅನಿಸಿಕೆ.

ಸಿಂಕಿನ ತೂತಿಗೆ ಸಿಂಕನ್ನೇ ಬೋರಲು ಹಾಕಿ ಗೆರೆ ಎಳೆದು, ನಾಲ್ಕು ಮೂಲೇಲಿ ದುಂಡು ತೂತು ಹೊಡೆದು, ಆಮೇಲೆ ಮಧ್ಯದ ಕಲ್ಲು ತೆಗೆದ್ರು. ಹಿಂದೆ ನಲ್ಲಿಗೆ ನಾಲ್ಕಿಂಚು, ಮುಂದೆ ಪಟ್ಟಿ ನಾಲ್ಕಿಂಚು ಉಳೀತು. ಮುಂದೆ ಎರಡೂವರೆ ಇಂಚು ಬಿಟ್ರೆ ಬಗ್ಗೋದು ಕಮ್ಮಿ ಆಗುತ್ತಲ್ಲ ಅಂತ ಹೆಂಡತಿ ಕೇಳಿದ್ದಕ್ಕೆ, ಮೇಡಂ ನಿಮ್ಮನೇಲಿ ಕಾಯಿ ಎಲ್ಲಿ ಒಡೀತೀರಾ ಅಂತ ತಿರುಗಿ ಕೇಳಿದ್ರು. ಅಮ್ಮ ನಗ್ತಾ ಒಳಗೆ ಹೋದ್ರು. ನಲ್ಲಿಗೆ 35 ಎಂಎಂ ಕೋರ್ ಬಿಟ್ಟಲ್ಲಿ ತೂತು, ಪಕ್ಕದಲ್ಲೇ ಫಿಲ್ಟರ್ ಪೈಪಿಗೊಂದು ಸಣ್ಣದು, ಆಮೇಲೆ ನೆನಪಾಗಿ ಕರೆಸಿದ್ರೆ ಅದಕ್ಕೊಂದು ಚಾರ್ಜು. ಒಳಗಿನ ಕಟ್ ಅಂಚು ಸಿಂಕ್ ಒಳಗಿಂದ ಕಾಣುತ್ತೆ, ಅದಕ್ಕೂ ಪಾಲಿಷ್ ಬೇಕು, 50 ನಂಬರ್ ಪ್ಯಾಡಿಂದ ಶುರು ಮಾಡಿ 3000 ನಂಬರ್ ತನಕ ಒಂದೊಂದಾಗಿ ಉಜ್ಜಬೇಕು. ಮಧ್ಯೆ ಎರಡು ನಂಬರ್ ಹಾರಿಸಿ ಕೊನೆಗೆ ಮೇಣ ಬಳಿದ್ರೆ ಆ ದಿನ ಹೊಳೆಯುತ್ತೆ, ಆಮೇಲೆ ಮಂಕಾಗುತ್ತೆ. ಇವ್ರು ಯಾವುದನ್ನೂ ಹಾರಿಸಲಿಲ್ಲ, ಇಡೀ ಮಧ್ಯಾಹ್ನ ಅದೇ ಶಬ್ದ.

ಅಂಚಿಗೆ ಫುಲ್ ರೌಂಡ್ ಬೇಡ, ಮೇಲ್ಗಡೆ ಸ್ವಲ್ಪ ದುಂಡು ಕೆಳಗೆ ನೇರ ಇರ್ಲಿ ಅಂದ್ವಿ. ಫುಲ್ ರೌಂಡಲ್ಲಿ ನೀರು ಅಂಚು ಸುತ್ಕೊಂಡು ಕೆಳಗೆ ಬಂದು ಕಬೋರ್ಡ್ ಬಾಗಿಲಿಗೆ ಇಳಿಯುತ್ತೆ. ಜೊತೆಗೆ ಅಂಚಿನ ತಳದಲ್ಲಿ ಉದ್ದಕ್ಕೂ ಬ್ಲೇಡಲ್ಲಿ ಸಣ್ಣ ಗಾಡಿ ಹೊಡೆದ್ರು, ಅಂದ್ರೆ ತೆಳ್ಳನೆ ಗೀರು ಕೊಯ್ದ್ರು, ನೀರು ಅಲ್ಲಿಗೆ ಬಂದು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತೆ, ಒಳಗೆ ಹರಿಯಲ್ಲ. ಸಜ್ಜಾ ಕೆಳಗೆ ಇರುತ್ತಲ್ಲ ಅದೇ ಉಪಾಯ.

ಕೂರಿಸಿದ್ದು

18 ಎಂಎಂ ಕರಿಕಲ್ಲು ಚದರ ಅಡಿಗೆ ಹತ್ರಹತ್ರ 5 ಕೆಜಿ ತೂಗುತ್ತೆ, ಎಂಟೂವರೆ ಅಡಿ ಪೀಸು ಸಿಂಕಿನ ತೂತು ಕಳೆದ್ರೂ 70 ಕೆಜಿ ಮೇಲೆ. ತೂಕಕ್ಕಿಂತ ಭಯ ಆ ತೂತಿನ ಅಕ್ಕಪಕ್ಕದ ಪಟ್ಟಿಗಳದ್ದು. ಮುಂದಿನ ಪಟ್ಟಿ ಹಿಂದಿನ ಪಟ್ಟಿ ಎರಡಕ್ಕೂ ಉದ್ದಕ್ಕೆ ಮರದ ರೀಪರ್ ಇಟ್ಟು ಕ್ಲಾಂಪ್ ಬಿಗಿದು, ಕಲ್ಲನ್ನ ನಿಲುವಾಗಿ ಎತ್ತಿ ತಂದ್ರು, ಎಲ್ಲೂ ಅಡ್ಡ ಮಲಗಿಸಲಿಲ್ಲ. ಗ್ರಾನೈಟನ್ನ ಟೇಬಲ್ ತರ ಅಡ್ಡ ಹಿಡಿದು ಎತ್ತೋರನ್ನ ಕಂಡ್ರೆ ಕೆಲಸ ಅಲ್ಲೇ ನಿಲ್ಲಿಸಿ.

ಸಿಂಕ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಬೆಂಗ್ಳೂರಿನ ಎಷ್ಟೋ ಮನೇಲಿ ಇದೇ ಎಡವಟ್ಟು ಇದೆ. ಕಲ್ಲಿನ ಕೆಳಗೆ ಕೂರೋ ಸಿಂಕನ್ನ ಸುಮಾರು ಜನ ಹೆಂಗೆ ಹಾಕ್ತಾರೆ ಅಂದ್ರೆ, ಕೆಳಗಿನ ಕಡಪಾಗೆ ಸಿಂಕ್ ಸೈಜಿಗೆ ತೂತು, ಸಿಂಕಿನ ಅಂಚು ಕಡಪಾ ಮೇಲೆ ಕೂರುತ್ತೆ, ಅದ್ರ ಮೇಲೆ ಗ್ರಾನೈಟು ಹಾಕಿ ಸಿಮೆಂಟಲ್ಲಿ ಮುಚ್ಚಿಬಿಡ್ತಾರೆ. ಗಟ್ಟಿಯೇನೋ ಗಟ್ಟಿ, ಅಲ್ಲಾಡಲ್ಲ. ಆದ್ರೆ ನಾಳೆ ಸಿಂಕ್ ತೂತು ಬಿದ್ರೆ ಗ್ರಾನೈಟ್ ಒಡೀದೆ ಅದನ್ನ ಈಚೆಗೆ ತೆಗೆಯೋಕೇ ಆಗಲ್ಲ. ನಮ್ಮ ಮೇಸ್ತ್ರಿ ಕಡಪಾ ತೂತನ್ನ ಸಿಂಕಿನ ಅಂಚಿಗಿಂತ ದೊಡ್ಡದಾಗಿ ಕೊಯ್ದು, ಸಿಂಕನ್ನ ಕೆಳಗಿಂದ ತಂದು ಗ್ರಾನೈಟಿನ ತಳಕ್ಕೆ ಸಿಲಿಕೋನ್ ಹಚ್ಚಿ ಒತ್ತಿ, ಅಕ್ಕಪಕ್ಕದ ನಿಲುವು ಕಲ್ಲಿಗೆ ಎಲ್ ಆಂಗಲ್ ಬೋಲ್ಟ್ ಮಾಡಿ ಅದ್ರ ಮೇಲೆ ಸಿಂಕ್ ಕೂರಿಸಿದ್ರು. ಬೋಲ್ಟ್ ಬಿಚ್ಚಿ, ಸಿಲಿಕೋನ್ ಕೊಯ್ದ್ರೆ ಸಿಂಕ್ ಕೆಳಗೆ ಬರುತ್ತೆ. ಮೇಸ್ತ್ರಿ ಆರಿಸುವಾಗ ಒಂದೇ ಒಂದು ಪ್ರಶ್ನೆ ಕೇಳೋಕೆ ಟೈಮ್ ಇದೆ ಅಂದ್ರೆ ನಾನು ಇದನ್ನೇ ಕೇಳೋದು, ಹತ್ತು ವರ್ಷ ಆದ್ಮೇಲೆ ಈ ಸಿಂಕ್ ಹೆಂಗೆ ಬದಲಾಯಿಸೋದು ಅಂತ. ಉತ್ತರದಲ್ಲೇ ಎಲ್ಲ ಗೊತ್ತಾಗುತ್ತೆ.

ಜಾಯಿಂಟಿಗೆ ಬಿಳಿ ಸಿಮೆಂಟ್ ಅಲ್ಲ, ಅರಾಲ್ಡೈಟ್ ಅಂಟಿಗೆ ಅದೇ ಕಲ್ಲಿನ ಪುಡಿ ಮತ್ತೆ ಚೂರು ಕಪ್ಪು ಬಣ್ಣ ಕಲಸಿ ತುಂಬಿ, ಗಟ್ಟಿಯಾದ ಮೇಲೆ ಬ್ಲೇಡಲ್ಲಿ ಕೆರೆದು ಪಾಲಿಷ್ ಹೊಡೆದ್ರು. ಹತ್ರ ಹೋಗಿ ನೋಡಿದ್ರೆ ಗೆರೆ ಕಾಣುತ್ತೆ, ಕಾಣಲ್ಲ ಅಂತ ಯಾರಾದ್ರೂ ಮಾತು ಕೊಟ್ರೆ ನಂಬಬೇಡಿ. ಬೆರಳಿಗೆ ಮಾತ್ರ ಸಿಗಲ್ಲ. ಕಟ್ಟೆ ಪೂರ್ತಿ ಲೆವೆಲ್ಲಲ್ಲಿಟ್ಟು ಸಿಂಕಿನ ಅಕ್ಕಪಕ್ಕ ಮಾತ್ರ ಒಂಚೂರು ಸಿಂಕಿನ ಕಡೆಗೆ ಇಳಿಜಾರು ಕೊಟ್ಟಿದಾರೆ, ಕಣ್ಣಿಗೆ ಕಾಣಲ್ಲ, ನೀರು ಚೆಲ್ಲಿದ್ರೆ ಗೊತ್ತಾಗುತ್ತೆ. ತಿಳಿ ಬಣ್ಣದ ಕಲ್ಲು ಹಾಕಿಸೋರಿಗೆ ಎರಡು ಮಾತು: ಕೆಳಗೆ ಬೂದು ಸಿಮೆಂಟ್ ಹಾಕಿದ್ರೆ ಮೇಲೆ ನೆರಳಾಡಬೋದು, ಬಿಳಿ ಅಂಟು ಕೇಳಿ, ಮತ್ತೆ ಸೀಲರ್ (ಕಲ್ಲು ನೀರು ಕುಡಿಯದ ಹಾಗೆ ತಡೆಯೋ ದ್ರಾವಣ) ಹೊಡೆಸಿ. ಒಂದು ಹನಿ ನೀರು ಹಾಕಿ ಹತ್ತು ಹದಿನೈದು ನಿಮಿಷ ಬಿಟ್ಟು ಒರೆಸಿ, ಕಲ್ಲು ಅಲ್ಲಿ ಕಪ್ಪಾಗಿದ್ರೆ ಸೀಲರ್ ಬೇಕು. ನಮ್ಮದು ಕಪ್ಪೇ ಆದ್ರಿಂದ ಪಕ್ಕದ ಒಣ ಜಾಗದ ಜೊತೆ ಬೆಳಕಿಗೆ ಹಿಡಿದು ನೋಡ್ದೆ, ವ್ಯತ್ಯಾಸ ಕಾಣ್ಲಿಲ್ಲ, ಸೀಲರ್ ಬಿಟ್ವಿ.

ಕೊನೇ ದಿನ ಹುಡುಗ ಸಿಮೆಂಟ್ ಕಲೆ ತೊಳೆಯೋಕೆ ಆಸಿಡ್ ಬಾಟ್ಲು ತಂದಾಗ ನಾನು ಬಾಯಿ ತೆಗೆಯೋ ಮುಂಚೆ ಮೇಸ್ತ್ರಿನೇ ಬೈದು ವಾಪಸ್ ಕಳಿಸಿದ್ರು. ಆಸಿಡ್ ಹೊಗೆ ತಾಗಿದ್ರೂ ಸ್ಟೀಲ್ ಸಿಂಕಲ್ಲಿ ತುಕ್ಕಿನ ಚುಕ್ಕಿ ಏಳುತ್ತೆ, ಆಮೇಲೆ ಕಂಪ್ನಿ ಸಿಂಕೇ ಸರಿ ಇಲ್ಲ ಅಂತ ನಾವು ಅಂಗಡಿಗೆ ಹೋಗಿ ಜಗಳ ಆಡ್ತೀವಿ. ಕಲೆನೆಲ್ಲ ಬ್ಲೇಡಲ್ಲಿ ಕೆರೆದು ಸೋಪ್ ನೀರಲ್ಲಿ ಒರೆಸಿದ್ರು.

ದುಡ್ಡು ಮೂರು ಕಂತಲ್ಲಿ ಕೊಡೋದು ಅಂತ ಹಾಳೇಲಿ ಬರೆದಿತ್ತು, ಕೊನೇ ಕಂತು ಸಿಂಕ್ ಟೆಸ್ಟ್ ಆದ ಮೇಲೆ. ಸಿಲಿಕೋನ್ ಒಣಗೋಕೆ ಒಂದು ದಿನ ಪೂರ್ತಿ ಬಿಟ್ಟು, ಸಿಂಕ್ ತೂತಿಗೆ ಬಿರಡೆ ಹಾಕಿ ಅಂಚಿನವರೆಗೂ ನೀರು ತುಂಬಿ, ಕೆಳಗೆ ಹಳೇ ಪೇಪರ್ ಹಾಸಿ ರಾತ್ರಿಯಿಡೀ ಬಿಟ್ವಿ. ಬೆಳಿಗ್ಗೆ ಪೇಪರ್ ಒಣಗೇ ಇತ್ತು, ಆಮೇಲೆ ಬಿರಡೆ ಕಿತ್ತು ಒಂದೇ ಸಲ ನೀರು ಬಿಟ್ಟು ಪೈಪಿನ ಜಾಯಿಂಟೂ ನೋಡಿ ದುಡ್ಡು ಕೊಟ್ವಿ. ಗ್ರೈಂಡರ್ ಅದ್ರ ಜಾಗದಲ್ಲಿಟ್ಟು ಹಿಟ್ಟು ರುಬ್ಬಿದಾಗ ಕಟ್ಟೆ ಅದುರಲಿಲ್ಲ, ಅಮ್ಮ ಅಷ್ಟಕ್ಕೇ ಮೇಸ್ತ್ರಿಗೆ ಇನ್ನೊಂದು ಲೋಟ ಕಾಫಿ ಮಾಡಿಕೊಟ್ರು.

ಡ್ಯಾಡೋ ಟೈಲ್ಸ್ ಇನ್ನೂ ಬಾಕಿ ಇದೆ. ಅದು ನನ್ನ ಕೆಲಸ ಅಲ್ಲ ಸಾರ್, ಟೈಲ್ಸ್‌ನೋರನ್ನೇ ಕರೀರಿ ಅಂತ ಇವ್ರು ಹೇಳಿ ಹೋದ್ರು, ಹೋಗ್ತಾ ಬರೋರಿಗೆ ಎರಡು ಕಂಡೀಷನ್ ಹಾಕಿ ಅಂದ್ರು: ಕಟ್ಟೆ ಮೇಲೆ ರಟ್ಟು ಹಾಸ್ದೆ ಟೈಲ್ಸ್ ಡಬ್ಬ ಇಡಬಾರದು, ಮತ್ತೆ ಆ ಸಿಂಕ್ ಮುಂದಿನ ಪಟ್ಟಿ ಮೇಲೆ ಹತ್ತಿ ನಿಲ್ಲಬಾರದು.